ಬೆಳಗಾವಿಯಿಂದ ಕೊಹಿಮಾವರೆಗೆ: ಪಟ್ಟಿ ಬಿಟ್ಟು ಹಳಿ ಹಿಡಿದೆ

ದೇಶ ಸುತ್ತಬೇಕು ಅನ್ನುವವರು ಮೊದಲು ಊರುಗಳ ಪಟ್ಟಿ ಮಾಡುತ್ತಾರೆ. ಲಡಾಖ್, ಜೈಸಲ್ಮೇರ್, ಕಾಶಿ, ಮೇಘಾಲಯ... ಪಟ್ಟಿ ಉದ್ದ ಆಗುತ್ತೆ, ರಜೆ ಮಾತ್ರ ಅಷ್ಟೇ ಇರುತ್ತೆ. ನಾನು ಪಟ್ಟಿ ಮಾಡಲಿಲ್ಲ. ಬೆಳಗಾವಿ ಸ್ಟೇಷನ್ನಿನಲ್ಲಿ ಹತ್ತಿದ ರೈಲು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ನೋಡಿದೆ, ಅಲ್ಲೆಲ್ಲಾ ಏನಿದೆ ಅಂತ ಆಮೇಲೆ ಹುಡುಕಿದೆ.

ಈ ವಿಷಯದಲ್ಲಿ ಗೋವಾ ಎಕ್ಸ್‌ಪ್ರೆಸ್ ನಮ್ಮೂರಿಗೆ ದೊಡ್ಡ ಅನುಕೂಲ. ವಾಸ್ಕೋದಿಂದ ಬಂದು ಬೆಳಗಾವಿ, ಮಿರಜ್, ಪುಣೆ, ಭುಸಾವಳ, ಭೋಪಾಲ್, ಝಾನ್ಸಿ, ಆಗ್ರಾ ದಾಟಿ ದಿಲ್ಲಿ ಮುಟ್ಟುತ್ತದೆ. ಟಿಕೆಟ್ಟನ್ನು ಕೌಂಟರಿನಲ್ಲಿ ತೆಗೆಸಿದೆ. ಸಾವಿರ ಕಿ.ಮೀ. ಮೀರಿದ ಟಿಕೆಟ್ಟಿಗೆ ದಾರಿಯಲ್ಲಿ ಎರಡು ಕಡೆ ಇಳಿದು, ಒಂದೊಂದು ಕಡೆ ಎರಡು ದಿನ ತಂಗಬಹುದು. ಮೊದಲ 500 ಕಿ.ಮೀ. ಒಳಗೆ ಇಳಿಯುವಂತಿಲ್ಲ. ದೂರ ಹೆಚ್ಚಾದಂತೆ ಕಿ.ಮೀ. ದರ ಇಳಿಯುವುದರಿಂದ, ತುಂಡು ತುಂಡು ಟಿಕೆಟ್ಟಿಗಿಂತ ಇದು ಅಗ್ಗ. ಎಲ್ಲಿ ಇಳಿಯುತ್ತೀರಿ ಅಂತ ಟಿಕೆಟ್ ತೆಗೆಸುವಾಗಲೇ ಹೇಳಿಬಿಡಿ. ನಾನು ಭೋಪಾಲ್ ಮತ್ತು ಝಾನ್ಸಿ ಹೇಳಿದ್ದೆ. ರಿಸರ್ವೇಷನ್ ಈಗ 60 ದಿನ ಮುಂಚೆ ತೆರೆಯುತ್ತದೆ. ಸೈಡ್ ಅಪ್ಪರ್ ಸಿಕ್ಕರೆ ಒಳ್ಳೆಯದು. ಹಗಲೂ ಮಲಗಬಹುದು, ಯಾರೂ ಎಬ್ಬಿಸಲ್ಲ.

ಚೀಲದ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. "ಸ್ಲೀಪರ್‌ದಾಗ ಹೊದಿಕಿ ಕೊಡಂಗಿಲ್ಲ, ಕೌದಿ ಒಯ್ಯೋ ತಮ್ಮಾ" ಅಂತ ಅವ್ವ. ಅವ್ವ ಹೇಳಿದ್ದು ಖರೆ, ಆದರೆ ಕೌದಿ ತುಂಬಿದರೆ ಚೀಲದಲ್ಲಿ ಬೇರೇನೂ ಹಿಡಿಯಲ್ಲ. ಒಂದು ಶಾಲು, ಮೂರು ಜೊತೆ ಬಟ್ಟೆ, ತೆಳ್ಳನೆಯ ಟವೆಲ್, ಬಟ್ಟೆ ಒಗೆಯುವ ಸೋಪು, ಸೀಟಿನ ಕೆಳಗೆ ಚೀಲ ಕಟ್ಟಲು ಚೈನು. ಇದರ ಜೊತೆಗೆ ಸ್ಟೀಲ್ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಡಬ್ಬಿಯಲ್ಲೇ ಇಡಬೇಕು, ಇಲ್ಲಾಂದ್ರೆ ಪುಣೆ ಬರುವಷ್ಟರಲ್ಲಿ ರೊಟ್ಟಿ ಪುಡಿಯಾಗಿರುತ್ತೆ.

ಆ ಡಬ್ಬಿ ತೆರೆದರೆ ಯಾವ ಸೀಮೆಯಲ್ಲಿದ್ದೀರಿ ಅಂತ ಗೊತ್ತಾಗಿಬಿಡುತ್ತೆ. ಭುಸಾವಳದ ಹತ್ತಿರ ಎದುರಿಗಿದ್ದ ಅಜ್ಜಿ ಒಂದು ಚೂರು ಮುರಿದು, "ಜ್ವಾರಿಚಿ ಭಾಕರಿ ಕಾ?" ಅಂದು, ತನ್ನ ಪೊಟ್ಟಣದಿಂದ ಹಸಿಮೆಣಸಿನಕಾಯಿ ಠೇಚಾ ತೆಗೆದು ಮೇಲೆ ಹಚ್ಚಿಕೊಟ್ಟಳು. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ತಿಂದೆ. ಇಟಾರ್ಸಿ ದಾಟಿದ ಮೇಲೆ ಅದೇ ರೊಟ್ಟಿ ನೋಡಿ ಒಬ್ಬ ಹುಡುಗ ಕೇಳಿದ್ದು, "ಭೈಯ್ಯಾ, ಪಾಪಡ್ ಹೈ ಕ್ಯಾ?" ನಮ್ಮ ಬೆಳಗಾವಿ ಹಿಂದಿಯಲ್ಲಿ ನಾನು ವಿವರಿಸುವುದನ್ನು ಕೇಳಿ ಇಡೀ ಬೋಗಿ ನಕ್ಕಿತು. ಯಾರಿಗೂ ಬೇಜಾರಿಲ್ಲ, ನನಗೂ ಇಲ್ಲ.

ಭೋಪಾಲದಿಂದ ಸಾಂಚಿ ಸ್ತೂಪಕ್ಕೆ ಹೋಗಿಬಂದೆ. ಝಾನ್ಸಿಯಲ್ಲಿ ಇಳಿದವರು ಓರ್ಛಾ ಬಿಡಬೇಡಿ. ಬೇತ್ವಾ ನದಿ ದಂಡೆಯ ಪುಟ್ಟ ಊರು. ಅಲ್ಲಿ ರಾಮ ದೇವರಷ್ಟೇ ಅಲ್ಲ, ಊರಿಗೆ ರಾಜ. ಹಾಗಾಗಿ ಪೊಲೀಸರು ಬಂದೂಕು ಹಿಡಿದು ಸಲಾಮು ಕೊಡುತ್ತಾರೆ. ಆಗ್ರಾ, ದಿಲ್ಲಿ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯಲ್ಲ.

ದಿಲ್ಲಿಯಿಂದ ಅಮೃತಸರ. ಸ್ವರ್ಣಮಂದಿರದ ಲಂಗರಿನಲ್ಲಿ ಉಣ್ಣಲು ಜಾತಿ, ಊರು ಯಾರೂ ಕೇಳಲ್ಲ. ತಲೆಗೆ ಬಟ್ಟೆ ಇರಬೇಕು, ನೆಲದ ಮೇಲೆ ಸಾಲಾಗಿ ಕೂರಬೇಕು. ನಮ್ಮ ಕಡೆ ಮಠದ ದಾಸೋಹದಲ್ಲಿ ಉಂಡವರಿಗೆ ಪಂಕ್ತಿ ಹೊಸದಲ್ಲ, ಆದರೆ ರೊಟ್ಟಿಯನ್ನು ತಟ್ಟೆಗೆ ಹಾಕಲ್ಲ. ಎರಡೂ ಕೈ ಜೋಡಿಸಿ ಒಡ್ಡಬೇಕು, ಬಡಿಸುವವರು ಅಂಗೈಗೆ ಇಡುತ್ತಾರೆ. ಉಂಡ ಮೇಲೆ ತಟ್ಟೆ ತೊಳೆಯುವ ಕಡೆ ನಿಂತುಬಿಡಿ. ಪಕ್ಕದಲ್ಲಿ ನಿಂತವರ ಜೊತೆ ಮಾತು ತಾನಾಗೇ ಶುರುವಾಗುತ್ತೆ, ಹೋಟೆಲಿನಲ್ಲಿ ಆ ಭಾಗ್ಯ ಸಿಗಲ್ಲ.

ಅಲ್ಲಿಂದ ಕಾಶಿ, ಕೋಲ್ಕತ್ತಾ, ಗುವಾಹಟಿ ದಾಟಿ ದಿಮಾಪುರ. ಮುಂದೆ ಕೊಹಿಮಾಕ್ಕೆ ಸುಮಾರು 70 ಕಿ.ಮೀ. ಬೆಟ್ಟದ ದಾರಿ, ಶೇರಿಂಗ್ ಸುಮೋ ಸಿಗುತ್ತೆ. ನಾಗಾಲ್ಯಾಂಡಿಗೆ ನಮ್ಮ ದೇಶದವರಿಗೂ ಇನ್ನರ್ ಲೈನ್ ಪರ್ಮಿಟ್, ಅಂದ್ರೆ ಹೊರ ರಾಜ್ಯದವರು ಒಳಗೆ ಹೋಗಲು ಅನುಮತಿ ಪತ್ರ, ಬೇಕು, ಆನ್‌ಲೈನಿನಲ್ಲೇ ಮಾಡಿಸಿ ಪ್ರಿಂಟ್ ಇಟ್ಟುಕೊಳ್ಳಿ. ಅರುಣಾಚಲ, ಮಿಜೋರಾಂ, ಮಣಿಪುರಕ್ಕೂ ಹೀಗೇ.

ಇಲ್ಲಿ ಬದಲಿಸಬೇಕಾದ್ದು ದಿನಚರಿ. ಗಡಿಯಾರ ದೇಶಕ್ಕೆಲ್ಲಾ ಒಂದೇ, ಸೂರ್ಯ ಅಲ್ಲವಲ್ಲ! ಡಿಸೆಂಬರಿನಲ್ಲಿ ಕೊಹಿಮಾದಲ್ಲಿ ನಾಲ್ಕೂವರೆ ಸುಮಾರಿಗೇ ಹೊತ್ತು ಮುಳುಗುತ್ತೆ. ನಮ್ಮೂರಲ್ಲಿ ಜನ ಸಂಜೆ ಚಹಾಕ್ಕೆ ಹೊರಡುವ ಹೊತ್ತಿಗೆ ಅಲ್ಲಿ ಅಂಗಡಿಗಳ ಶಟರ್ ಇಳಿಯುತ್ತಿರುತ್ತೆ. ಬೆಳಿಗ್ಗೆ ಐದೂವರೆಗೇ ಎದ್ದು ಹೊರಟರೆ ಹಗಲು ಪೂರ್ತಿ ಸಿಗುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಲ್ಲಿ ಇಲ್ಲಿ ನಡೆದ ಕಾಳಗದಲ್ಲಿ ಸತ್ತ ಸೈನಿಕರ ಸ್ಮಶಾನ ನೋಡಲೂ ಬೆಳಗಿನ ಹೊತ್ತೇ ಚೆನ್ನ. ನನ್ನಂಥ ಶಾಕಾಹಾರಿಗೆ ಅನ್ನ, ದಾಲ್, ಬೇಯಿಸಿದ ಸೊಪ್ಪು ಸಿಕ್ಕಿತು, ಮುಂಚೆಯೇ ಹೇಳಿಟ್ಟರೆ ಸಾಕು. ಭಾನುವಾರ ಎಲ್ಲರೂ ಚರ್ಚಿಗೆ ಹೋಗುತ್ತಾರೆ, ಪೇಟೆ ಬಂದ್. ಹಾಗಾಗಿ ಶನಿವಾರವೇ ಬ್ರೆಡ್ಡು, ಬಾಳೆಹಣ್ಣು, ನೀರು ತಂದಿಟ್ಟುಕೊಳ್ಳಿ. ಸೋಮವಾರದ ಸುಮೋಗೂ ಆ ದಿನವೇ ಸೀಟು ಹೇಳಿಡಿ.