ಹಗೇವಿಗೆ ಕ್ಯಾಮೆರಾ ಹಿಡಿಸಲಿಲ್ಲ

ನಾಲ್ಕು ತಿಂಗಳು ರಾತ್ರಿ ಕೂತು ಮಾಡಿದ ಆಟವನ್ನು ತಮ್ಮ ಹತ್ತು ನಿಮಿಷ ಆಡಿದ. ಒಂದು ಕೈಯಲ್ಲಿ ಮೌಸ್, ಇನ್ನೊಂದರಲ್ಲಿ ಮಿರ್ಚಿ. ಮುಗಿಸಿ, "ಚಲೋ ಐತಿ ಬಿಡಣ್ಣಾ" ಅಂದ. ಹೆದರಿಸೋ ಆಟಕ್ಕೆ ಇದಕ್ಕಿಂತ ಕೆಟ್ಟ ಸರ್ಟಿಫಿಕೇಟ್ ಇನ್ನೊಂದಿಲ್ಲ. ಹೆದರಿದವನ ಕೈಯಲ್ಲಿ ಮಿರ್ಚಿ ನಿಲ್ಲುತ್ತದಾ?

ಹಗಲು ಹೊತ್ತು ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಸಣ್ಣ ಆಫೀಸಿನಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇನೆ. ಊಟ ಆದ ಮೇಲೆ ಗೋಡಾಟ್ ತೆರೆದು ಗೇಮ್ ಮಾಡುತ್ತೇನೆ. ಗೋಡಾಟ್ ಪುಕ್ಕಟೆ ಸಿಗುವ ಗೇಮ್ ಎಂಜಿನ್. ನನ್ನ ಹಳೇ ಲ್ಯಾಪ್‌ಟಾಪ್ ಉಸಿರುಗಟ್ಟದೆ ನಡೆಸೋದೂ ಅದೊಂದನ್ನೇ.

ಆಟದ ಕಥೆ ದೊಡ್ಡದೇನಲ್ಲ. ಗದಗ ಜಿಲ್ಲೆಯ ರೋಣದ ಕಡೆಯ ಒಂದು ಹಳ್ಳಿ, ನಮ್ಮ ಅಜ್ಜನ ಊರಿನಂಥದ್ದು. 1972ರ ಬರ. ಮನೆಯಲ್ಲಿ ಜೋಳ ಮುಗಿದಿದೆ. ಊರಾಚೆಯ ಹಾಳು ಮನೆಯೊಂದರ ಪಡಸಾಲೆಯಲ್ಲಿ ಬಂಡೆ ಮುಚ್ಚಿದ ಹಗೇವು ಇದೆ, ಎಷ್ಟೋ ವರ್ಷದಿಂದ ಯಾರೂ ತೆಗೆದಿಲ್ಲ. ಮನೆಯ ಹುಡುಗ ಕಂದೀಲು ಹಿಡಿದು ರಾತ್ರಿ ಅಲ್ಲಿಗೆ ಹೋಗಬೇಕು. ಹಗೇವು ನೋಡದವರಿಗೆ ಹೇಳುತ್ತೇನೆ. ಅದು ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಹೊಟ್ಟೆ ಅಗಲ. ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತಿಂದು ಹಾಕುತ್ತದೆ, ಕೆಟ್ಟ ಗಾಳಿ ತಳದಲ್ಲಿ ಕೂತಿರುತ್ತದೆ. ಹಾಗಾಗಿ ಹಿಂದಿನವರು ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಇಳಿದು ಸತ್ತವರಿದ್ದಾರೆ. ದೆವ್ವವೇ ಬೇಕಿಲ್ಲದ ಜಾಗ ಅದು.

ಆಟಕ್ಕೆ ನಿಯಮ ಒಂದೇ. ಹಿಂದಿನಿಂದ ಯಾರು ಕರೆದರೂ ತಿರುಗಿ ನೋಡಬಾರದು. ಇದನ್ನು ನಾನು ಹುಟ್ಟಿಸಿದ್ದಲ್ಲ, ಚಿಕ್ಕಂದಿನಲ್ಲಿ ಹೊಲದಿಂದ ಕತ್ತಲಲ್ಲಿ ಬರುವಾಗ ನಮಗೆಲ್ಲ ಹೇಳಿಕೊಟ್ಟಿದ್ದೇ ಇದು.

ಮೊದಲು ಥರ್ಡ್ ಪರ್ಸನ್‌ನಲ್ಲೇ ಮಾಡಿದೆ. ಹುಡುಗನ ಬೆನ್ನ ಹಿಂದೆ, ಎರಡೂವರೆ ಮೀಟರ್ ದೂರದಲ್ಲಿ ಕ್ಯಾಮೆರಾ. ಯಾಕೆ ಅಂದರೆ ನಾನು ಹಾರರ್ ಕಲಿತದ್ದೇ ಹಾಗೆ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಗೇಮ್ ಪಾರ್ಲರ್‌ನಲ್ಲಿ, ಗೀರು ಬಿದ್ದ ಸೀಡಿಗಳಲ್ಲಿ, 1996ರ ರೆಸಿಡೆಂಟ್ ಈವಿಲ್, 1999ರ ಸೈಲೆಂಟ್ ಹಿಲ್. ರೆಸಿಡೆಂಟ್ ಈವಿಲ್‌ನಲ್ಲಿ ಕ್ಯಾಮೆರಾ ಕೋಣೆಯ ಮೂಲೆಗೆ ಮೊಳೆ ಹೊಡೆದ ಹಾಗೆ ನಿಂತಿರುತ್ತಿತ್ತು. ತಿರುವಿನಾಚೆ ನಮ್ಮ ಹೀರೋಗೆ ಕಾಣುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ. ಬರೀ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ಅದರ ರುಚಿ ಬೇರೆ.

ನಾನು ಮಾಡಿದ ತಪ್ಪು ಎಲ್ಲಿತ್ತು ಅಂದರೆ, ಆ ಮೊಳೆ ಹೊಡೆದ ಕ್ಯಾಮೆರಾ ಬಿಟ್ಟು, ಈಗಿನ ಆಟಗಳಂತೆ ಸುತ್ತ ತಿರುಗುವ ಕ್ಯಾಮೆರಾ ಇಟ್ಟೆ. ಗಿರ್ಮಿಟ್-ಮಿರ್ಚಿ ಕೊಡಿಸುತ್ತೇನೆ ಅಂತ ಐದು ಜನರನ್ನು ರೂಮಿಗೆ ಕರೆದು ಆಡಿಸಿದೆ. ಹಿಂದಿನಿಂದ ಹೆಂಗಸಿನ ದನಿ ಹುಡುಗನ ಹೆಸರು ಹಿಡಿದು ಕರೆಯುತ್ತದೆ. ಐದಕ್ಕೆ ಐದೂ ಜನ ಒಂದೇ ಕೆಲಸ ಮಾಡಿದರು. ಹುಡುಗನನ್ನು ಮುಂದಕ್ಕೇ ನಡೆಸುತ್ತಾ, ಮೌಸ್ ಎಳೆದು ಕ್ಯಾಮೆರಾವನ್ನು ಮಾತ್ರ ಹಿಂದಕ್ಕೆ ತಿರುಗಿಸಿದರು. "ಹಿಂದ ಯಾರೂ ಇಲ್ಲ ಬಿಡ, ನಾ ನೋಡೀನಿ."

ನಿಯಮ ಮುರಿಯಲಿಲ್ಲ. ಹುಡುಗ ತಿರುಗಲೇ ಇಲ್ಲ, ಅಲ್ವಾ? ಆದರೆ ಆಟ ಅಲ್ಲೇ ಸತ್ತಿತು.

ಸರಿ, ಕ್ಯಾಮೆರಾ ತಿರುಗಿಸಿದರೂ ಶಿಕ್ಷೆ ಅಂತ ಕೋಡ್ ಬರೆದೆ. ಕ್ಯಾಮೆರಾ ಹಿಂದಕ್ಕೆ ನೋಡಿದರೆ ದನಿ ಹತ್ತಿರ ಬರುತ್ತದೆ, ಮೂರನೇ ಸಲಕ್ಕೆ ಹುಡುಗ ಸಾಯುತ್ತಾನೆ. ಆಡಿದ ಗೆಳೆಯ ಮೌಸ್ ಬದಿಗಿಟ್ಟು ಕೇಳಿದ: "ನೋಡಿದಾಂವ ನಾನು, ಸತ್ತಾಂವ ಆಂವ. ಇದ್ಯಾವ ನ್ಯಾಯಲೇ?"

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಥರ್ಡ್ ಪರ್ಸನ್‌ನಲ್ಲಿ ಕಣ್ಣು ಒಬ್ಬನದು, ಜೀವ ಇನ್ನೊಬ್ಬನದು. ನನ್ನ ಆಟಕ್ಕೆ ಕಣ್ಣೂ ಜೀವವೂ ಒಂದೇ ಕಡೆ ಇರಬೇಕಿತ್ತು. ತಿರುಗಿ ನೋಡುವ ಆಸೆ ಯಾರದೋ, ತಪ್ಪೂ ಅವರದೇ ಆಗಬೇಕಿತ್ತು.

ಆಮೇಲೆ ಓದಿದಾಗ ಗೊತ್ತಾಯಿತು, ಇದೇ ಕಲ್ಲಿಗೆ ದೊಡ್ಡವರೂ ಎಡವಿದ್ದಾರೆ. 2014ರ ಏಲಿಯನ್ ಐಸೊಲೇಶನ್ ಮಾಡಿದವರು ಮೊದಲು ಥರ್ಡ್ ಪರ್ಸನ್‌ನಲ್ಲಿ ಪ್ರಯತ್ನಿಸಿದ್ದರು. ಮೇಜಿನ ಹಿಂದೆ ಅಡಗಿ ಕೂತವನ ತಲೆಯ ಮೇಲಿಂದ ಕ್ಯಾಮೆರಾ ಹಾಯಿಸಿ ಏಲಿಯನ್ ಎಲ್ಲಿದೆ ಅಂತ ನೋಡಿಬಿಡಬಹುದು. ಹಾಗೆ ಮಾಡಿದರೆ ಅದು ಕ್ಯಾಮೆರಾ ಆಡಿಸುವ ಆಟ ಆಗುತ್ತದೆ ಅಂತ ಫಸ್ಟ್ ಪರ್ಸನ್‌ಗೆ, ಅಂದರೆ ಹೀರೋನ ಕಣ್ಣಿನಿಂದಲೇ ನೋಡುವ ಹಾಗೆ, ಬದಲಾಯಿಸಿದರು. ಡೆಡ್ ಬೈ ಡೇಲೈಟ್ ಮಾಡಿದವರು ಇದನ್ನೇ ಉಪಯೋಗಕ್ಕೆ ಹಚ್ಚಿದ್ದಾರೆ. 2016ರ ಆ ಆಟದಲ್ಲಿ ಬೆನ್ನಟ್ಟುವ ಕೊಲೆಗಾರನಿಗೆ ಫಸ್ಟ್ ಪರ್ಸನ್, ಓಡುವ ನಾಲ್ವರಿಗೆ ಥರ್ಡ್ ಪರ್ಸನ್. ಓಡುವವರಿಗೆ ಹಿಂದೆ ಕಾಣಬೇಕು, ಓಡಿಸುವವನಿಗೆ ಮುಂದೆ ಕಂಡರೆ ಸಾಕು. ಬುದ್ಧಿವಂತರು.

ಧಾರವಾಡದಲ್ಲಿ ಕನ್ನಡ ಮಾಸ್ತರ ಆಗಿರುವ ಗೆಳೆಯನಿಗೆ ಇದೆಲ್ಲ ಹೇಳಿ, "ಪ್ರಥಮ ಪುರುಷಕ್ಕೆ ಬದಲಾಯಿಸ್ತೀನಿ" ಅಂದೆ. ಅವನು ನಕ್ಕು ನಕ್ಕು ಚಹಾ ಚೆಲ್ಲಿಕೊಂಡ. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ ಅವನು, ಅವಳು, ಅದು. ನಾನು ಅನ್ನೋದು ಉತ್ತಮ ಪುರುಷ. ಅಂದರೆ ನಾನು ಆಗಲೇ ಪ್ರಥಮ ಪುರುಷದಲ್ಲಿದ್ದೆ! ಅವನೇ ಇನ್ನೊಂದು ಮಾತು ನೆನಪಿಸಿದ. ನಮ್ಮ ಅಜ್ಜ ದೆವ್ವದ ಕಥೆ ಹೇಳುವಾಗ "ಒಬ್ಬಾಂವ ಇದ್ದನಂತ" ಅಂತ ಶುರು ಮಾಡಿದರೆ ನಾವು ರೊಟ್ಟಿ ಮುರಿದು ತಿನ್ನುತ್ತಲೇ ಇರುತ್ತಿದ್ದೆವು. "ನಾನ ಹೊಂಟಿದ್ದೆ" ಅಂದರೆ ಮಾತ್ರ ಕೈ ತಾಟಿನಲ್ಲೇ ನಿಲ್ಲುತ್ತಿತ್ತು.

ಇಷ್ಟಾದರೂ ನಾನು ಹಿಂದೆಮುಂದೆ ನೋಡುತ್ತಿದ್ದೆ. ನಾಲ್ಕು ತಿಂಗಳ ಕೆಲಸ ಬಿಸಾಕಲು ಯಾರಿಗೆ ಮನಸ್ಸು ಬರುತ್ತದೆ? ಕೊನೆಗೆ ತೀರ್ಮಾನ ಮಾಡಿದ್ದು ಹಗೇವು. ಅದರ ಬಾಯಿ 60 ಸೆಂಟಿಮೀಟರ್ ಇಟ್ಟಿದ್ದೆ. ಹುಡುಗ ಹಗ್ಗ ಹಿಡಿದು ಇಳಿಯುತ್ತಾನೆ. ಎರಡೂವರೆ ಮೀಟರ್ ಹಿಂದಿರುವ ಕ್ಯಾಮೆರಾ ಎಲ್ಲಿಗೆ ಹೋಗಬೇಕು? ಗೋಡಾಟ್‌ನಲ್ಲಿ ಸ್ಪ್ರಿಂಗ್ ಆರ್ಮ್ ಅಂತ ಒಂದಿದೆ. ಗೋಡೆ ಅಡ್ಡ ಬಂದರೆ ಕ್ಯಾಮೆರಾವನ್ನು ಹೀರೋನ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಹಗೇವಿನ ಕೊರಳಲ್ಲಿ ಸುತ್ತ ಗೋಡೆಯೇ. ಎಳೆದು ಎಳೆದು ಕ್ಯಾಮೆರಾ ಹುಡುಗನ ತಲೆಯೊಳಗೇ ಹೊಕ್ಕಿತು. ಪರದೆ ತುಂಬ ಒಳಗಡೆಯಿಂದ ಕಾಣುವ ಎರಡು ಕಣ್ಣುಗುಡ್ಡೆ, ಒಂದು ಸಾಲು ಹಲ್ಲು. ಆಟದಲ್ಲಿ ಅಲ್ಲಿಯವರೆಗಿನ ಅತಿ ಭಯಂಕರ ದೃಶ್ಯ ಅದೇ, ಅದೂ ಬಗ್.

ಸ್ಪ್ರಿಂಗ್ ಆರ್ಮೇ ದಾರಿ ತೋರಿಸಿದ ಹಾಗಾಯಿತು. ತಲೆಯೊಳಗೇ ಇಡು ಅಂತ.

ಇನ್ನೊಂದು ಲಾಭವನ್ನು ಸುಮ್ನೆ ಮುಚ್ಚಿಡೋದಿಲ್ಲ. ನನಗೆ ಆನಿಮೇಶನ್ ಬರುವುದಿಲ್ಲ. ಮಿಕ್ಸಾಮೋ ಅನ್ನೋ ಆನಿಮೇಶನ್ ವೆಬ್‌ಸೈಟಿನಿಂದ ಪುಕ್ಕಟೆ ನಡಿಗೆ ತಂದು ಹಚ್ಚಿದ್ದೆ. ಅವೆಲ್ಲ ಪ್ಯಾಂಟ್ ಹಾಕಿದವರ ನಡಿಗೆ. ನಮ್ಮ ಹುಡುಗ ಧೋತರ ಉಟ್ಟಿದ್ದ. ಪ್ರತಿ ಹೆಜ್ಜೆಗೂ ಮೊಣಕಾಲು ಧೋತರ ಹರಿದು ಹೊರಗೆ ಇಣುಕುತ್ತಿತ್ತು. ಎರಡು ವಾರ ಅದಕ್ಕೇ ಹೋಗಿತ್ತು. ಫಸ್ಟ್ ಪರ್ಸನ್‌ನಲ್ಲಿ ಒಂದು ಕೈ, ಒಂದು ಕಂದೀಲು, ಮುಗೀತು.

ಬದಲಾಯಿಸಲು ಮೂರು ದಿನ ಹಿಡಿಯಿತು. ಸರಿ ಮಾಡಲು ಎರಡು ತಿಂಗಳು.

ಮೊದಲನೆಯದು ನೋಟದ ಅಗಲ. ಗೋಡಾಟ್‌ನ ಕ್ಯಾಮೆರಾ ತಾನಾಗಿ 75 ಡಿಗ್ರಿಗೆ ಇರುತ್ತದೆ. ನಾನು ಅದನ್ನು ಅಡ್ಡದ ಲೆಕ್ಕ ಅಂದುಕೊಂಡಿದ್ದೆ. ಅಲ್ಲ, ಅದು ಮೇಲಿಂದ ಕೆಳಗಿನ ಲೆಕ್ಕ. 16:9 ಪರದೆಯಲ್ಲಿ ಅಡ್ಡಕ್ಕೆ ಸುಮಾರು 107 ಡಿಗ್ರಿ ಆಗುತ್ತದೆ. ಹಾಳು ಮನೆಯ ಪಡಸಾಲೆ ಮದುವೆ ಹಾಲ್‌ನಂತೆ ಕಾಣುತ್ತಿತ್ತು. 55ಕ್ಕೆ ಇಳಿಸಿದೆ. ಕಂಬಗಳು ಮೈಮೇಲೆ ಬಂದ ಹಾಗೆ, ಚೆನ್ನಾಗಿ ಹೆದರಿಕೆ ಆಯಿತು, ಆದರೆ ಇಬ್ಬರಿಗೆ ತಲೆ ಸುತ್ತಿತು. ಈಗ 60ಕ್ಕೆ ಇಟ್ಟಿದ್ದೇನೆ, ಅಡ್ಡಕ್ಕೆ 91ರ ಹತ್ತಿರ. ಬೇಕಾದವರು ಹೆಚ್ಚುಕಡಿಮೆ ಮಾಡಿಕೊಳ್ಳಲು ಸೆಟ್ಟಿಂಗ್ಸ್‌ನಲ್ಲಿ ಬಿಟ್ಟಿದ್ದೇನೆ. ನಡೆಯುವಾಗ ತಲೆ ಮೇಲೆ ಕೆಳಗೆ ಅಲ್ಲಾಡುವುದನ್ನು ಪೂರ್ತಿ ತೆಗೆದೆ. ಅದು ಬೇಕು ಅಂತ ಯಾರೂ ಕೇಳಲಿಲ್ಲ. ಪರದೆಯ ನಡುವೆ ಸಣ್ಣ ಚುಕ್ಕಿ ಇಟ್ಟರೆ ಕಣ್ಣಿಗೆ ನಿಲ್ಲಲು ಜಾಗ ಸಿಗುತ್ತದೆ, ತಲೆಸುತ್ತು ಕಡಿಮೆ ಆಗುತ್ತದೆ.

ಎರಡನೆಯದು ಕಿವಿ. ಇದರ ಬಗ್ಗೆ ನನಗೆ ಕಲ್ಪನೆಯೇ ಇರಲಿಲ್ಲ. ಎಂಜಿನ್‌ಗೆ ಬೇರೆ ಹೇಳದಿದ್ದರೆ, ಕ್ಯಾಮೆರಾ ಇರುವಲ್ಲೇ ಕಿವಿಯೂ ಇರುತ್ತದೆ. ಥರ್ಡ್ ಪರ್ಸನ್‌ನಲ್ಲಿ ನನ್ನ ಕಿವಿ ಹುಡುಗನಿಗಿಂತ ಎರಡೂವರೆ ಮೀಟರ್ ಹಿಂದಿತ್ತು. ಅವನ ಬೆನ್ನಿಗೆ ಒಂದು ಮೀಟರ್ ಹತ್ತಿರ ಬಂದ ಹೆಜ್ಜೆ ಸಪ್ಪಳ, ಆಡುವವರ ಹೆಡ್‌ಫೋನಿನಲ್ಲಿ ಮುಂದಿನಿಂದ ಬರುತ್ತಿತ್ತು! ಹಿಂದಿನಿಂದ ಕರೆಯುತ್ತಿದ್ದಾರೆ ಅಂತ ನಾನು ಹೆದರಿಸಲು ಹೋಗುತ್ತಿದ್ದರೆ, ದನಿ ಎದುರಿನಿಂದ ಬರುತ್ತಿತ್ತು. ಮೊದಲ ಐದು ಜನ ಹೆದರದೇ ಇದ್ದದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು. ಥರ್ಡ್ ಪರ್ಸನ್ ಮಾಡುವವರು ಕಿವಿಯನ್ನು ಹೀರೋನ ತಲೆಗೆ ಇಟ್ಟು, ಎಡಬಲವನ್ನು ಮಾತ್ರ ಕ್ಯಾಮೆರಾದಂತೆ ತಿರುಗಿಸಿ ನೋಡಿ. ಫಸ್ಟ್ ಪರ್ಸನ್‌ಗೆ ಬಂದಾಗ ಈ ತೊಂದರೆ ತಾನಾಗಿ ಹೋಯಿತು.

ಹೆಜ್ಜೆ ಸಪ್ಪಳ ರೆಕಾರ್ಡ್ ಮಾಡಿದ್ದು ಅಜ್ಜನ ಮನೆಯಲ್ಲಿ, ರಾತ್ರಿ ಫ್ಯಾನ್ ಆರಿಸಿ, ಮೊಬೈಲ್ ನೆಲಕ್ಕಿಟ್ಟು. ಸಗಣಿ ಸಾರಿಸಿದ ನೆಲಕ್ಕೆ ಬರಿಗಾಲಿನ ಸಪ್ಪಳ ಬಹಳ ಮೆಲ್ಲಗೆ. ಜೋಳದ ಕಣಿಕಿ ಮೇಲೆ ಕಾಲಿಟ್ಟರೆ ಮಾತ್ರ ಪಟ್ ಅನ್ನುತ್ತದೆ. ಆಟದಲ್ಲಿ ನೀವು ಕಣಿಕಿ ದಾಟಿ ಮೂರು ಹೆಜ್ಜೆ ಹೋದ ಮೇಲೆ ಹಿಂದೆ ಇನ್ನೊಂದು ಸಲ ಪಟ್ ಅನ್ನುತ್ತದೆ. ಅಷ್ಟೇ. ಅಲ್ಲಿ ಏನನ್ನೂ ಇಟ್ಟಿಲ್ಲ, ಒಂದು ಗೊಂಬೆಯೂ ಇಲ್ಲ. 2014ರಲ್ಲಿ ಬಂದ ಪಿ.ಟಿ. ಆಟದಲ್ಲಿ, ಟಾರ್ಚ್ ಕೈಗೆ ಬಂದ ಮೇಲೆ ದೆವ್ವ ಆಡುವವನ ಬೆನ್ನಿಗೇ ಅಂಟಿಕೊಂಡು ಬರುತ್ತದೆ. ಜನಕ್ಕೆ ಅದು ಗೊತ್ತಾಗಿದ್ದು ಐದು ವರ್ಷದ ನಂತರ, ಆಟವನ್ನು ಬಿಚ್ಚಿ ಕ್ಯಾಮೆರಾ ಹೊರಗೆ ತಂದಾಗ. ನನ್ನ ಕೈಲಿ ಅಷ್ಟು ದೊಡ್ಡ ಕೆಲಸ ಆಗದು. ಸಪ್ಪಳದಲ್ಲೇ ಸುಧಾರಿಸಿದ್ದೇನೆ.

ಕಳೆದುಕೊಂಡಿದ್ದೂ ಇದೆ. ಹಳೇ ಆವೃತ್ತಿಯನ್ನು ಅವ್ವನಿಗೆ ತೋರಿಸಿದಾಗ ಅವಳು, "ಅಯ್ಯ, ಆ ಕೂಸಿನ್ನ ಒಬ್ಬನ್ನ ಯಾಕ ಕಳಸ್ತಿ ಕತ್ತಲದಾಗ?" ಅಂದಿದ್ದಳು. ಹೊಸದನ್ನು ತೋರಿಸಿದಾಗ ಸ್ವಲ್ಪ ಹೊತ್ತು ನೋಡಿ, "ಇದರಾಗ ಯಾರೂ ಇಲ್ಲಲ್ಲೋ, ಬರೇ ಕತ್ತಲ" ಅಂದು ಎದ್ದು ಹೋದಳು. ಹುಡುಗನ ಬಾಗಿದ ಬೆನ್ನು, ಹೆಗಲ ಮೇಲಿನ ಖಾಲಿ ಚೀಲ ಕಂಡರೆ ಮರುಕ ಹುಟ್ಟುತ್ತದೆ. ನಮ್ಮ ಕಣ್ಣೇ ಅವನ ಕಣ್ಣಾದರೆ ಅವನ ಬೆನ್ನು ನಮಗೆ ಸಿಗುವುದಿಲ್ಲ. ಬರದ ಕಥೆಗೆ ಅದು ಸಣ್ಣ ನಷ್ಟ ಅಲ್ಲ.

ಎರಡನ್ನೂ ಕೊಟ್ಟು, ಆಡುವವರೇ ಆರಿಸಲಿ ಅಂತ ಕೆಲವರು ಹೇಳಿದರು. 2021ರ ರೆಸಿಡೆಂಟ್ ಈವಿಲ್ ವಿಲೇಜ್ ಫಸ್ಟ್ ಪರ್ಸನ್ ಆಟ. ಮರುವರ್ಷ ಅದಕ್ಕೆ ಥರ್ಡ್ ಪರ್ಸನ್ ಸೇರಿಸಿದರು. ಹೀರೋನ ಮುಖ ಮಾತ್ರ ತೋರಿಸಬಾರದು ಅಂತ ಹಟ. ಕ್ಯಾಮೆರಾ ಮುಂದೆ ತಂದರೆ ಅವನು ಸಾಲ ಕೊಟ್ಟವನನ್ನು ಕಂಡವರಂತೆ ಮುಖ ತಿರುಗಿಸಿಕೊಳ್ಳುತ್ತಾನೆ. ಅಷ್ಟು ದೊಡ್ಡ ಕಂಪನಿಗೇ ಅಷ್ಟು ಪರದಾಟ. ಒಬ್ಬನೇ ಮಾಡುವವನು ಎರಡು ಕುದುರೆ ಹತ್ತಬಾರದು ಅಂತ ನನ್ನ ಲೆಕ್ಕ.

ಆದರೂ ಅವ್ವನ ಮಾತು ಬಿಡಲಿಲ್ಲ. ಅದಕ್ಕೆ ಒಂದೇ ಒಂದು ಕಡೆ ಕ್ಯಾಮೆರಾ ಹೊರಗೆ ತಂದಿದ್ದೇನೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಗೆ ಅಂತ ಸೂರಿನಲ್ಲಿ ತೂತು ಬಿಟ್ಟಿರುತ್ತಾರೆ, ಬೆಳಕಿಂಡಿ. ಹುಡುಗ ಬಂಡೆ ಸರಿಸಿ, ದೀಪಕ್ಕೆ ಹಗ್ಗ ಕಟ್ಟಿ ಹಗೇವಿಗೆ ಇಳಿಸುತ್ತಾನೆ. ಆಗ ನಾಲ್ಕು ಸೆಕೆಂಡು ಕ್ಯಾಮೆರಾ ಬೆಳಕಿಂಡಿಯಲ್ಲಿರುತ್ತದೆ, ಹಳೇ ರೆಸಿಡೆಂಟ್ ಈವಿಲ್‌ನಂತೆ ಮೊಳೆ ಹೊಡೆದ ಹಾಗೆ. ಕೆಳಗೆ ಹುಡುಗ ಮೊದಲ ಸಲ ಪೂರ್ತಿ ಕಾಣುತ್ತಾನೆ. ಒಂದು ಗೇಣಿನಷ್ಟು. ಬಾಗಿ ಕೂತಿದ್ದಾನೆ. ದೀಪದ ಬೆಳಕು ಹಗೇವಿನೊಳಗೆ ಹೋದಂತೆ ಸಣ್ಣದಾಗುತ್ತದೆ. ಮತ್ತೆ ಅವನ ಕಣ್ಣಿಗೆ ವಾಪಸ್.

ಹೋದ ಭಾನುವಾರ ತಮ್ಮ ಆ ಜಾಗಕ್ಕೆ ಬಂದ. ದೀಪ ಇಳಿಯುವುದನ್ನು ಅವನು ನೋಡಲೇ ಇಲ್ಲ.

"ಅಣ್ಣಾ, ಮ್ಯಾಲಿಂದ ಯಾರ ನೋಡಾಕತ್ತಾರ?"

ಯಾರೂ ಇಲ್ಲೋ, ಅದು ಬರೀ ಕ್ಯಾಮೆರಾ ಅಂದೆ. ನಂಬಲಿಲ್ಲ. ಅಲ್ಲಿಂದ ಮುಂದೆ ಹುಡುಗನ ತಲೆಯನ್ನು ಸೂರಿನ ಕಡೆಗೇ ಎತ್ತಿಕೊಂಡು ನಡೆದು, ಎರಡು ಸಲ ಹಗೇವಿಗೆ ಬಿದ್ದ. ಸೂರಿನ ತೊಲೆ, ಜಂತಿಗಳಿಗೆ ನಾನು ಇನ್ನೂ ಸರಿಯಾದ ಬಣ್ಣ ಹಚ್ಚಿಲ್ಲ, ಯಾರು ಮೇಲೆ ನೋಡುತ್ತಾರೆ ಅಂತ ಬಿಟ್ಟಿದ್ದೆ. ಈ ವಾರ ಅದೇ ಕೆಲಸ.