ಕನ್ನಡ ಶಾಲೆಯಿಂದ ಕ್ಯಾಂಪಸ್‌ಗೆ: ಮೊದಲ ಸೆಮಿಸ್ಟರ್ ದಾಟುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಪ್ಲಸ್ ಟು ಮುಗಿಸಿ, ಈಗ ಡಿಗ್ರಿಗೆ ಹೊರಟಿರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಪುಸ್ತಕ ಇಂಗ್ಲಿಷ್‌ನಲ್ಲಿರುತ್ತದೆ. ವಿವರಣೆ ಅರ್ಧ ಇಂಗ್ಲಿಷ್, ಅರ್ಧ ಮಲಯಾಳ. ಮನೆಗೆ ಬಂದರೆ ಕನ್ನಡ, ಇಲ್ಲವೇ ತುಳು, ಹವ್ಯಕ. ನಾನೂ ಹಾಗೆಯೇ ಒಂದು ಬೆಂಚಿನ ತುದಿಯಲ್ಲಿ ಕುಳಿತಿದ್ದೆ. ಆರು ವಾರ ಬಾಯಿ ಬಿಡಲಿಲ್ಲ. ನನಗೆ ಅರ್ಥವಾಗದೆ ಇದ್ದದ್ದು ಪಾಠವಲ್ಲ, ಪಾಠ ಹೇಳುವ ಮಾತು ಎಂದು ತಿಳಿಯುವಷ್ಟರಲ್ಲಿ ಮೊದಲ ಇಂಟರ್ನಲ್ ಪರೀಕ್ಷೆ ಮುಗಿದಿತ್ತು. ಆ ಆರು ವಾರ ನಿಮ್ಮ ಕೈಯಿಂದ ಜಾರಬಾರದು.

ನಮ್ಮ ಜಿಲ್ಲೆಯೊಳಗೇ ಸರಕಾರಿ ವ್ಯವಸ್ಥೆಯಲ್ಲಿ ಓದಲು ಎರಡು ದಾರಿಗಳಿವೆ. ಒಂದು, ಕಣ್ಣೂರು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳು. ವಿದ್ಯಾನಗರದ ಸರಕಾರಿ ಕಾಲೇಜು 1957ರಲ್ಲಿ ಶುರುವಾದದ್ದು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು ಬಂದದ್ದು 1980ರಲ್ಲಿ. ಇವಕ್ಕೆ ವಿಶ್ವವಿದ್ಯಾಲಯದ ಏಕಗವಾಕ್ಷಿ ಅರ್ಜಿ ಹಾಕಬೇಕು. ಇನ್ನೊಂದು, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ, ಪೆರಿಯದಲ್ಲಿ. ಅಲ್ಲಿಗೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಡಿಗ್ರಿಯ ಸಿಯುಇಟಿ ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ಯಾವ ಭಾಷೆಯ ಪ್ರಶ್ನೆಪತ್ರಿಕೆ ಬೇಕು ಎಂಬುದನ್ನು ಅರ್ಜಿ ತುಂಬುವಾಗಲೇ ಹೇಳಬೇಕು. ಅರ್ಜಿಯನ್ನು ಬೇರೆಯವರ ಕೈಯಲ್ಲಿ ತುಂಬಿಸುವವರು ಆ ಒಂದು ಕಾಲಂ ನೀವೇ ನೋಡಿ.

ಮೊದಲು ಹೆಸರು ಸರಿಮಾಡಿಕೊಳ್ಳಿ

ಅಡ್ಮಿಷನ್‌ಗೆ ಏನೇನು ಕಾಗದ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಸ್ಸೆಸ್ಸೆಲ್ಸಿ ಪುಸ್ತಕ, ಪ್ಲಸ್ ಟು ಅಂಕಪಟ್ಟಿ, ಟಿ.ಸಿ., ನಡತೆ ಪತ್ರ, ಜಾತಿ ಮತ್ತು ವರಮಾನದ ಸರ್ಟಿಫಿಕೇಟು, ಆಧಾರ್, ಬ್ಯಾಂಕ್ ಪಾಸ್‌ಬುಕ್. ಕರ್ನಾಟಕದಲ್ಲಿ ಪಿಯುಸಿ ಮಾಡಿ ಬಂದವರಿಗೆ ಮೈಗ್ರೇಷನ್ ಸರ್ಟಿಫಿಕೇಟು ಕೂಡ. ಇವನ್ನು ಒಟ್ಟು ಮಾಡುವುದು ಕಷ್ಟವಲ್ಲ. ಕಷ್ಟ ಇರುವುದು ಇವೆಲ್ಲದರಲ್ಲಿ ನಿಮ್ಮ ಹೆಸರು ಒಂದೇ ರೀತಿ ಇದೆಯಾ ಎಂಬುದರಲ್ಲಿ.

ನಮ್ಮ ಊರಿನಲ್ಲಿ ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಮಾತ್ರ ಇರುತ್ತದೆ. ಆಧಾರ್‌ನಲ್ಲಿ ಅದು ಬಿಡಿಸಿ ಮನೆಹೆಸರೋ ತಂದೆಯ ಹೆಸರೋ ಆಗಿರುತ್ತದೆ. ಬ್ಯಾಂಕಿನಲ್ಲಿ ಭಟ್, ರೈ, ನಾಯ್ಕ ಎಂದು ಇನ್ನೊಂದು ಸೇರಿರುತ್ತದೆ. ಸೌಮ್ಯ ಎಂಬ ಹೆಸರನ್ನು ಇಂಗ್ಲಿಷ್‌ನಲ್ಲಿ ಒಬ್ಬರು ಎ-ಯು ಹಾಕಿ ಬರೆದರೆ ಇನ್ನೊಬ್ಬರು ಒ-ಡಬ್ಲ್ಯೂ ಹಾಕಿರುತ್ತಾರೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ನನ್ನ ಒಂದು ವರ್ಷದ ಸ್ಕಾಲರ್‌ಶಿಪ್ ಹೀಗೆಯೇ ತಪ್ಪಿತು. ಬ್ಯಾಂಕಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು, ಅಷ್ಟೆ. ಅದು ಗೊತ್ತಾದಾಗ ಕೊನೆಯ ದಿನಾಂಕ ದಾಟಿತ್ತು. ಆ ವರ್ಷದ ಫೀಸಿಗಾಗಿ ಅಪ್ಪ ಒಣಗುವ ಮೊದಲೇ ಅಡಿಕೆ ಮಾರಿದರು.

ಆದ್ದರಿಂದ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಎಸ್ಸೆಸ್ಸೆಲ್ಸಿ ಪುಸ್ತಕದ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಒಂದೊಂದಾಗಿ ಹೋಲಿಸಿ. ತಪ್ಪಿದ್ದರೆ ಫಲಿತಾಂಶಕ್ಕೆ ಕಾಯುವ ಆ ಕೆಲವು ವಾರಗಳಲ್ಲೇ ಸರಿಮಾಡಿಸಿ. ಜೂನ್ ಬಂತೆಂದರೆ ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲೂ ವಿಲೇಜ್ ಆಫೀಸಿನಲ್ಲೂ ಕಾಲಿಡಲು ಜಾಗ ಇರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರು ಕೇರಳ ಸರಕಾರದ ವಿದ್ಯಾರ್ಥಿ ಸಹಾಯಧನವಾದ ಇ-ಗ್ರಾಂಟ್ಸ್‌ಗೆ ಅರ್ಜಿ ಹಾಕಬೇಕು. ಪ್ಲಸ್ ಟುನಲ್ಲಿ ತುಂಬಾ ಒಳ್ಳೆಯ ಅಂಕ ಬಂದಿದ್ದು, ಮನೆಯ ವರ್ಷದ ವರಮಾನ ನಾಲ್ಕೂವರೆ ಲಕ್ಷ ರೂಪಾಯಿಯ ಒಳಗಿದ್ದರೆ ಕೇಂದ್ರ ಸರಕಾರದ ಸ್ಕಾಲರ್‌ಶಿಪ್ ಪೋರ್ಟಲನ್ನೂ ನೋಡಿ. ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಸಿಗುವ ಯೋಜನೆ ಅಲ್ಲಿದೆ.

ಇನ್ನೊಂದು ಮಾತು. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದ ಜತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು ಎಂದಿದೆ. ನಿಮ್ಮ ಅಜ್ಜನಿಗೋ ಅಮ್ಮನಿಗೋ ಕನ್ನಡ ಮಾತ್ರ ಬರುವುದಾದರೆ ಕನ್ನಡದಲ್ಲೇ ಬರೆದು ಕೊಡಲಿ. ಅದಕ್ಕೆ ಸಂಕೋಚ ಪಡುವ ಅಗತ್ಯವಿಲ್ಲ.

ಬಸ್ಸು, ರೈಲು

ಪೆರಿಯಕ್ಕೆ ಹೋಗುವವರು ಇದನ್ನು ನೆನಪಿಡಿ. ಕಾಸರಗೋಡಿನಿಂದ ಹೊಸದುರ್ಗಕ್ಕೆ, ಅಂದರೆ ಕಾಞಂಗಾಡಿಗೆ, ಎರಡು ರಸ್ತೆಗಳಿವೆ. ಒಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲ ಎಂದು ಕಡಲ ಬದಿಯಲ್ಲೇ ಹೋಗುತ್ತದೆ. ಇನ್ನೊಂದು ರಾಷ್ಟ್ರೀಯ ಹೆದ್ದಾರಿ 66. ಅದು ವಿದ್ಯಾನಗರ, ಚೆರ್ಕಳ, ಪೊಯಿನಾಚಿ ಮೂಲಕ ಪೆರಿಯಕ್ಕೆ ಬರುತ್ತದೆ. ಬರಿಯ ಕಾಞಂಗಾಡ್ ಬೋರ್ಡು ನೋಡಿ ಹತ್ತಿದರೆ ಬೇಕಲ ಕೋಟೆಯ ಹತ್ತಿರ ಇಳಿಯಬೇಕಾದೀತು. ಹತ್ತುವ ಮೊದಲು "ಪೆರಿಯ ವಳಿ ಪೋಗುಮೋ?" ಎಂದು ಕೇಳಿ. ಪೆರಿಯ ದಾರಿಯಾಗಿ ಹೋಗುತ್ತದಾ ಎಂದರ್ಥ. ಬದಿಯಡ್ಕ, ಮುಳ್ಳೇರಿಯದವರು ಕಾಸರಗೋಡು ಪೇಟೆವರೆಗೆ ಹೋಗಬೇಕೆಂದೇ ಇಲ್ಲ. ಕಲ್ಲಡ್ಕದ ರಸ್ತೆಯೂ ಜಾಲ್ಸೂರಿನ ರಸ್ತೆಯೂ ಬಂದು ಸೇರುವುದು ಚೆರ್ಕಳದಲ್ಲಿ. ಅಲ್ಲಿಯೇ ಇಳಿದು ಬಸ್ಸು ಬದಲಿಸಿ.

ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ರೈಲು ಒಳ್ಳೆಯದು. ಮನೆ ಮತ್ತು ಕಾಲೇಜಿನ ನಡುವೆ ಓಡಾಡಲು, ಡಿಗ್ರಿವರೆಗೆ ಓದುವ ಹುಡುಗಿಯರಿಗೆ ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೆಟ್ ಉಚಿತ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ದುಡ್ಡು ಕೊಡುತ್ತಾರೆ. ಕಾಲೇಜಿನ ಆಫೀಸಿನಿಂದ ರಿಯಾಯಿತಿ ಫಾರಂ ಬರೆಸಿಕೊಂಡು ಸ್ಟೇಷನ್ನಿನಲ್ಲಿ ಕೇಳಿ.

ಎರಡು ವಾರದಲ್ಲಿ ಮಲಯಾಳ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಹೆಜ್ಜೆ. "ನಂಗೆ ಮಲಯಾಳ ಬರೂದಿಲ್ಲ" ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿದ ಮಾತು ನಮ್ಮ ಕಿವಿಯಲ್ಲಿದೆ. ಅದಕ್ಕೆ ಒಂದು ಕ್ರಮ ಕೊಟ್ಟರೆ ಸಾಕು.

ಮೂರು ಬದಲಾವಣೆ ಗಮನಿಸಿ. ನಮ್ಮ ಹ ಅಲ್ಲಿ ಪ: ಹಾಲು-ಪಾಲ್, ಹೂ-ಪೂ, ಹತ್ತು-ಪತ್ತ್, ಹಲ್ಲು-ಪಲ್ಲ್. ನಮ್ಮ ಬ ಅಲ್ಲಿ ವ: ಬೇರು-ವೇರ್, ಬೆಳ್ಳಿ-ವೆಳ್ಳಿ, ಬಿಲ್ಲು-ವಿಲ್ಲ್. ನಮ್ಮಲ್ಲಿ ಎಕಾರದಲ್ಲಿ ಮುಗಿಯುವ ಮಾತು ಅಲ್ಲಿ ಅಕಾರದಲ್ಲಿ ಮುಗಿಯುತ್ತದೆ: ತಲೆ-ತಲ, ಎಲೆ-ಇಲ. ಹಳಗನ್ನಡದಲ್ಲಿದ್ದು ನಮ್ಮ ಬರಹದಿಂದ ಬಿದ್ದುಹೋದ ೞ ಮಲಯಾಳದಲ್ಲಿ ಇನ್ನೂ ಬದುಕಿದೆ. ನಮ್ಮ ಮಳೆ ಅಲ್ಲಿ ಮೞ, ನಮ್ಮ ಬಾಳೆ ಅಲ್ಲಿ ವಾೞ, ನಮ್ಮ ಹೊಳೆ ಅಲ್ಲಿ ಪುೞ. ತುಳು ಬಲ್ಲವರಿಗಂತೂ ಪೂ, ಪತ್ತ್ ಹೊಸತೇ ಅಲ್ಲ. ಈ ನಂಟು ಕಂಡ ದಿನ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ. ಪರಕೀಯ ಎಂದುಕೊಂಡದ್ದು ನಮ್ಮದೇ ಹಳೆಯ ಮನೆಯ ಮಾತಾಗಿತ್ತು.

ಮೋಸ ಮಾಡುವ ಮಾತುಗಳೂ ಇವೆ. ಅಲ್ಲಿ ಅಪೇಕ್ಷ ಎಂದರೆ ಅರ್ಜಿ. ಅವಸರಂ ಎಂದರೆ ಗಡಿಬಿಡಿ ಅಲ್ಲ, ಅವಕಾಶ. ಸಂಸಾರಿಕ್ಕುಗ ಎಂದರೆ ಮಾತಾಡುವುದು. "ಟೀಚರ್ ಸಂಸಾರಿಕ್ಕಾನ್ ವಿಳಿಚ್ಚು" ಎಂದು ಯಾರಾದರೂ ಹೇಳಿದರೆ ಟೀಚರ್ ಮಾತಾಡಲು ಕರೆದಿದ್ದಾರೆ, ಹೋಗಿ ಬನ್ನಿ.

ಅಕ್ಷರವನ್ನೂ ಕಲಿಯಿರಿ. ಅಕ್ಷರಮಾಲೆಯ ಕ್ರಮ ನಮ್ಮದೇ ಕ, ಖ, ಗ, ಘ. ದಿನಕ್ಕೆ ಐದು ಅಕ್ಷರ ಬರೆದು, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಿ. ನಿಮಗೆ ಗೊತ್ತಿರುವ ಊರಿನ ಹೆಸರೇ ಅಲ್ಲಿರುವುದರಿಂದ ಬೇಗ ಹಿಡಿತ ಬರುತ್ತದೆ.

ಮೂರು ಕಾಲಂನ ನೋಟ್‌ಬುಕ್

ಕ್ಲಾಸಿನಲ್ಲಿ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮೂರು ಕಾಲಂ ಎಳೆಯಿರಿ. ಒಂದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಟೀಚರ್ ಹೇಳಿದ ಮಲಯಾಳ ಮಾತು, ಮೂರನೆಯದರಲ್ಲಿ ನಿಮ್ಮ ಕನ್ನಡ. ಶಾಲೆಯಲ್ಲಿ ನಾವು ಕಲಿತ ದ್ಯುತಿಸಂಶ್ಲೇಷಣೆಯೇ ಅವರ ಪ್ರಕಾಶಸಂಶ್ಲೇಷಣಂ, ಪುಸ್ತಕದ ಫೋಟೋಸಿಂಥೆಸಿಸ್. ನಮಗೆ ಪಾಠ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

ಮೂರನೆಯ ಕಾಲಂನಲ್ಲಿ ಬರಿಯ ಅನುವಾದ ಬೇಡ. ಮನೆಯ ಒಂದು ಉದಾಹರಣೆ ಬರೆಯಿರಿ. ಆಸ್ಮೋಸಿಸ್ ಬಂತೆನ್ನಿ. ಕನ್ನಡದಲ್ಲಿ ಅಭಿಸರಣೆ. ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದರೆ ಎರಡು ದಿನದಲ್ಲಿ ಮಿಡಿ ಸುರುಟಿ ಭರಣಿಯಲ್ಲಿ ನೀರು ನಿಲ್ಲುತ್ತದೆ, ಅಲ್ವಾ? ಮಿಡಿಯ ಒಳಗಿನ ನೀರು ಉಪ್ಪು ಜಾಸ್ತಿ ಇರುವ ಕಡೆಗೆ ಹೊರಟುಬಂತು. ಅಮ್ಮ ಪ್ರತಿ ವರ್ಷ ಮಾಡುವ ಕೆಲಸವದು. ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಇಲಾಸ್ಟಿಸಿಟಿ ಬಂದರೆ ಉಪ್ಪನ್ನು ನೆನೆಯಿರಿ. ಬೆಲೆ ಎರಡು ಪಟ್ಟಾದರೂ ಯಾರೂ ಉಪ್ಪು ಕೊಳ್ಳುವುದನ್ನು ಅರ್ಧಕ್ಕೆ ಇಳಿಸುವುದಿಲ್ಲ. ಅಂಥ ಬೇಡಿಕೆಗೆ ಇನ್‌ಇಲಾಸ್ಟಿಕ್ ಎನ್ನುತ್ತಾರೆ. ಹೀಗೆ ಒಮ್ಮೆ ಕನ್ನಡದಲ್ಲಿ ಗಟ್ಟಿಯಾದದ್ದನ್ನು ಇಂಗ್ಲಿಷ್‌ನಲ್ಲಿ ಬರೆಯುವುದು ದೊಡ್ಡದಲ್ಲ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಈ ಕಾಲಂಗಳನ್ನು ಎದುರಿಟ್ಟು ದಿನಕ್ಕೊಂದು ಉತ್ತರ ಇಂಗ್ಲಿಷ್‌ನಲ್ಲಿ, ಪುಸ್ತಕ ಮುಚ್ಚಿ, ಬರೆಯಿರಿ. ವಾಕ್ಯ ಚಿಕ್ಕದಿರಲಿ.

ಕೇಳಿ

ಎರಡು ಮಲಯಾಳ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. "ಎನಿಕ್ಕ್ ಮನಸ್ಸಿಲಾಯಿಲ್ಲ." ನನಗೆ ಅರ್ಥವಾಗಲಿಲ್ಲ. "ಒನ್ನುಕೂಡಿ ಪರಯಾಮೋ?" ಇನ್ನೊಮ್ಮೆ ಹೇಳುತ್ತೀರಾ? ಕ್ಲಾಸಿನ ನಡುವೆ ಎದ್ದು ಕೇಳಲು ಧೈರ್ಯ ಸಾಲದಿದ್ದರೆ ಬೆಲ್ ಆದ ಮೇಲೆ ಬಾಗಿಲ ಬಳಿ ಕೇಳಿ. ಮೊದಲ ವಾರವೇ ಒಮ್ಮೆ ಟೀಚರ ಬಳಿ ಹೋಗಿ, ನಾನು ಕನ್ನಡ ಮಾಧ್ಯಮದಿಂದ ಬಂದವಳು ಎಂದು ಹೇಳಿ. ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ನಾನು ಏಳನೆಯ ವಾರ ಹೋಗಿ ಹೇಳಿದೆ. "ಇಷ್ಟು ದಿನ ಯಾಕೆ ಹೇಳಲಿಲ್ಲ ಮೋಳೇ (ಮಗಳೇ)?" ಎಂದು ಕೇಳಿದ ಆ ಟೀಚರ್, ಮರುದಿನದಿಂದ ಮುಖ್ಯ ಪದಗಳನ್ನು ಬೋರ್ಡಿನ ಮೇಲೆ ಬರೆಯತೊಡಗಿದರು. ಅದರಿಂದ ಮಲಯಾಳಿ ಮಕ್ಕಳಿಗೂ ಉಪಕಾರವಾಯಿತು.

ಪಕ್ಕದಲ್ಲಿ ಒಬ್ಬ ಮಲಯಾಳಿ ಗೆಳತಿಯೋ ಗೆಳೆಯನೋ ಇರಲಿ. ಕನ್ನಡದವರೆಲ್ಲ ಒಂದೇ ಬೆಂಚಿನಲ್ಲಿ ಗುಂಪಾಗಿ ಕೂತರೆ ಮನಸ್ಸಿಗೆ ಹಿತ, ಓದಿಗೆ ನಷ್ಟ. ಊಟದ ಹೊತ್ತಿಗೆ ಬೇಕಾದರೆ ಒಟ್ಟಾಗಿ. ಯಾರಾದರೂ ಭಾಷೆಯ ಹೆಸರಿನಲ್ಲಾಗಲಿ, ಬೇರೆ ರೀತಿಯಲ್ಲಾಗಲಿ ಕಾಡಿದರೆ ನುಂಗಿಕೊಳ್ಳಬೇಡಿ. ರ‍್ಯಾಗಿಂಗ್ ತಡೆಯ ರಾಷ್ಟ್ರೀಯ ಸಹಾಯವಾಣಿ 1800-180-5522.

ಹಾಜರಿ ಮತ್ತು ಕ್ರೆಡಿಟ್ ಲೆಕ್ಕ

ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. 133 ಕ್ರೆಡಿಟ್ ಆದರೆ ಮೂರು ವರ್ಷಕ್ಕೆ ಡಿಗ್ರಿ ಪಡೆದು ಹೊರಬರಬಹುದು. ಆನರ್ಸ್‌ಗೆ ನಾಲ್ಕು ವರ್ಷ, 177 ಕ್ರೆಡಿಟ್. ಸಾಮಾನ್ಯವಾಗಿ ನಾಲ್ಕು ಕ್ರೆಡಿಟ್‌ನ ವಿಷಯಕ್ಕೆ 60 ಗಂಟೆ ಪಾಠ. ಹಾಜರಿ 75 ಶೇಕಡ ಬೇಕು, ಅಂದರೆ 45 ಗಂಟೆ. ನಿಮ್ಮ ಕೈಯಲ್ಲಿರುವುದು 15 ಗಂಟೆ ಮಾತ್ರ. ಜ್ವರ, ಮದುವೆ, ಮನೆಯ ಅಡಿಕೆ ಕೊಯ್ಲು ಎಲ್ಲಾ ಅದರೊಳಗೇ ಆಗಬೇಕು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟ ಮೇಲೆ ಬೆಳಗ್ಗಿನ ಮೊದಲ ಗಂಟೆಗಳು ಜಾಸ್ತಿ ತಪ್ಪುತ್ತವೆ. ಆಟ ನೋಡಿ, ಬಿಡಬೇಡಿ, ಆದರೆ ಶನಿವಾರದ ಆಟ ಆರಿಸಿಕೊಳ್ಳಿ. ಪ್ರತಿ ತಿಂಗಳ ಕೊನೆಗೆ ನಿಮ್ಮ ಹಾಜರಿ ಎಷ್ಟಾಯಿತೆಂದು ವಿಷಯವಾರು ಬರೆದಿಡಿ.

ಕನ್ನಡವನ್ನು ಪಟ್ಟಿಯಲ್ಲಿ ಉಳಿಸಿ

ಹೊಸ ಪದ್ಧತಿಯಲ್ಲಿ ಮುಖ್ಯ ವಿಷಯದ ಜತೆ ಎಇಸಿ ಎಂಬ ಭಾಷಾ ಪತ್ರಿಕೆಗಳಿವೆ. ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಆರಿಸುವಾಗ ಕನ್ನಡ ಇದ್ದರೆ ಕನ್ನಡ ತೆಗೆದುಕೊಳ್ಳಿ. ದಿನವಿಡೀ ಎರಡು ಭಾಷೆಯ ನಡುವೆ ಈಜಿದ ಮೇಲೆ, ಪ್ರಶ್ನೆ ಓದಿದ ಕೂಡಲೇ ಉತ್ತರ ಹೊಳೆಯುವ ಒಂದು ಪತ್ರಿಕೆ ಇದ್ದರೆ ಉಸಿರು ಹಗುರಾಗುತ್ತದೆ. ಅಂಕವೂ ಬರುತ್ತದೆ. ಮುಂದೆ ಕನ್ನಡದಲ್ಲೇ ಓದುವ ಆಸೆಯಿದ್ದರೆ ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಎಂ.ಎ.ವರೆಗೆ ದಾರಿಯಿದೆ, ಪೆರಿಯದಲ್ಲೂ ಕನ್ನಡ ವಿಭಾಗವಿದೆ. ಗಡಿ ದಾಟಿದರೆ ಕೊಣಾಜೆಯ ಮಂಗಳಗಂಗೋತ್ರಿ, ಅಂದರೆ ಮಂಗಳೂರು ವಿಶ್ವವಿದ್ಯಾಲಯ.

ಎರಡನೇ ಸೆಮಿಸ್ಟರಿನ ಆಯ್ಕೆಗೆ ಸಿಗುವುದು ಕೆಲವೇ ದಿನ. ಮೊಬೈಲಿನಲ್ಲಿ ತುಂಬುವಾಗ ಭಾಷೆಯ ಪಟ್ಟಿಯನ್ನು ಕೊನೆಯವರೆಗೆ ಎಳೆದು ನೋಡಿ. ಅಲ್ಲಿ ಕನ್ನಡ ಕಾಣದಿದ್ದರೆ ಸಬ್‌ಮಿಟ್ ಒತ್ತಬೇಡಿ. ಕನ್ನಡ ಬೇಕೆನ್ನುವ ಇನ್ನೂ ನಾಲ್ಕು ಮಂದಿಯನ್ನು ಕರೆದುಕೊಂಡು, ಅದೇ ದಿನ ಆಫೀಸಿಗೆ ಹೋಗಿ ಕೇಳಿ.