ಡ್ರಾಯರ್ ಚಾನಲ್ ಮೇಲೆ ರಡ್ಡರ್ ಪೆಡಲ್: ನನ್ನ ಅನುಭವ

ವ್ಯಾಟ್‌ಸಿಮ್ ಅಂದರೆ ಕಂಪ್ಯೂಟರಿನ ಸಿಮ್ಯುಲೇಟರ್ ವಿಮಾನಗಳನ್ನು ಒಟ್ಟಿಗೆ ಹಾರಿಸುವ ಆನ್‌ಲೈನ್ ನೆಟ್‌ವರ್ಕ್, ಕಂಟ್ರೋಲರ್ ಆಗಿ ಕೂರುವವರೂ ನಮ್ಮಂಥವರೇ. ಅಲ್ಲಿ ಹಾರಿಸುವ ನಮ್ಮ ಗುಂಪಿನಲ್ಲಿ, ವಿಮಾನದ ಮೂತಿಯನ್ನು ಕಾಲಿನಿಂದ ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ನಾನೇ ಮಾಡಿಕೊಳ್ತೀನಿ ಅಂದಾಗ ನಕ್ಕವರೇ ಹೆಚ್ಚು. "ಅಡುಗೆಮನೆ ಡ್ರಾಯರ್ ಮೇಲೆ ಕಾಲಿಟ್ಟು ವಿಮಾನ ಇಳಿಸ್ತೀರಾ?" ಅಂತ ಒಬ್ಬರು ಕೇಳಿಯೂ ಬಿಟ್ಟರು. ನಾಲ್ಕೈದು ಮಳೆಗಾಲ ಕಳೆದಿವೆ, ಅದೇ ಪೆಡಲ್ ಇನ್ನೂ ಮೇಜಿನ ಕೆಳಗಿದೆ. ನಕ್ಕವರಲ್ಲಿ ಇಬ್ಬರು ಅಂಗಡಿ ಪೆಡಲ್ ರಿಪೇರಿಗೆ ಕೊಟ್ಟು ಕೂತಿದ್ದಾರೆ.

ಒಬ್ಬನೇ ಹಾರಿಸುತ್ತಿದ್ದಷ್ಟು ದಿನ ತಿರುಚಿದರೆ ರಡ್ಡರ್ ಆಡುವ ಜಾಯ್‌ಸ್ಟಿಕ್ಕೇ ಸಾಕಾಗಿತ್ತು. ನೆಟ್‌ವರ್ಕಿಗೆ ಬಂದ ಮೇಲೆ ಬಂಡವಾಳ ಬಯಲಾಯಿತು. ಒಂದು ಶನಿವಾರ ರಾತ್ರಿ ಬೆಂಗಳೂರಿನಲ್ಲಿ ಈವೆಂಟ್. ಎರಡನೇ ರನ್‌ವೇ ಇನ್ನೂ ಬಂದಿರಲಿಲ್ಲ, ಇದ್ದ ಒಂದಕ್ಕೇ ಎಲ್ಲರ ಸಾಲು. ಜಾಯ್‌ಸ್ಟಿಕ್ಕಿನೊಳಗಿನ ಪಾಟ್ (ಎಷ್ಟು ತಿರುಗಿತು ಅಂತ ಅಳೆಯುವ, ರೇಡಿಯೋ ವಾಲ್ಯೂಮ್ ಗುಂಡಿಯಂಥ ಭಾಗ) ಸವೆದಿತ್ತು. ರಡ್ಡರ್ ತಾನಾಗಿಯೇ ಎಡಕ್ಕೆ ಎಳೆದು ನನ್ನ ಸೆಸ್ನಾ 172 ಟ್ಯಾಕ್ಸಿವೇ ಬಿಟ್ಟು ಹುಲ್ಲಿಗಿಳಿಯಿತು. ಹಿಂದೆ ಏಳೆಂಟು ವಿಮಾನ. ಕಂಟ್ರೋಲರ್ ಬೈಯಲಿಲ್ಲ, ಡಿಸ್‌ಕನೆಕ್ಟ್ ಆಗಿ ಗೇಟ್‌ನಿಂದ ಮತ್ತೆ ಬನ್ನಿ ಅಂದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಅಂಗಡಿ ಪೆಡಲ್ ಆಗ 15 ಸಾವಿರದ ಆಸುಪಾಸು. ಮನೆಯಲ್ಲಿ ಆ ಮಾತು ಎತ್ತುವ ಹಾಗೇ ಇರಲಿಲ್ಲ.

ಮೊದಲು ಮಾಡಿದ್ದು ಪಿವಿಸಿ ಪೈಪಿನದು. ನಡುವೆ ಬೋಲ್ಟ್, ಅದರ ತುದಿಗೆ 10ಕೆ ಪಾಟ್. ಜೋರಾಗಿ ಒತ್ತಿದರೆ ರಡ್ಡರ್ ಬದಲು ಪೈಪೇ ಬಾಗುತ್ತಿತ್ತು. ಪಾಟ್ ಓದಿ ಕಂಪ್ಯೂಟರಿಗೆ ತಿಳಿಸುವ ಬೋರ್ಡ್ ಅಂತ ಆರ್ಡುಯಿನೋ ಊನೋ ತಂದಿದ್ದೆ, ಅದು ನೇರವಾಗಿ ಜಾಯ್‌ಸ್ಟಿಕ್ ಆಗಿ ಕಾಣಿಸಿಕೊಳ್ಳುವುದಿಲ್ಲ. ಅಲ್ಲಿಗೆ 450 ರೂಪಾಯಿ ನೀರುಪಾಲು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ನೇರವಾಗಿ ಜಾಯ್‌ಸ್ಟಿಕ್ ಆಗಬಲ್ಲ 32ಯು4 ಚಿಪ್ಪಿನ ಪ್ರೋ ಮೈಕ್ರೋ ಬೋರ್ಡ್ ಸಿಕ್ಕಿತು. ಪಾಟ್ ಮಾತ್ರ ಎರಡು ತಿಂಗಳಿಗೊಮ್ಮೆ ಕೈ ಕೊಡುತ್ತಲೇ ಇತ್ತು.

ಎರಡನೆಯದಕ್ಕೆ ಪ್ಲೈವುಡ್ ಹಲಗೆ, ಡ್ರಾಯರ್ ಜಾರಲು ಹಾಕುವ 12 ಇಂಚಿನ ಟೆಲಿಸ್ಕೋಪಿಕ್ ಚಾನಲ್ ಒಂದು ಜೊತೆ. ನಡುವೆ ಏತದ ಹಾಗೆ ಆಡುವ ಕಬ್ಬಿಣದ ಪಟ್ಟಿ. ಒಂದು ಕಾಲು ಮುಂದೆ ಹೋದರೆ ಇನ್ನೊಂದು ಹಿಂದೆ ಬರಲೇಬೇಕು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ವೆಲ್ಡಿಂಗ್ ಮಾಡಿಸಿದೆ. "ಇದೇನ್ರೀ, ಜಿಮ್ಮಿಗಾ?" ಅಂದ ಆತ 200 ರೂಪಾಯಿ ತಗೊಂಡ. ನಡುವಿಗೆ ವಾಪಸ್ ಬರಲು ಬೈಕಿನ ಸೈಡ್ ಸ್ಟ್ಯಾಂಡ್ ಸ್ಪ್ರಿಂಗ್ ಎರಡು, ಎದುರುಬದುರು. ಗಟ್ಟಿಯೇನೋ ಆಯಿತು, ಆದರೆ ಒತ್ತಿದ ಕೂಡಲೇ ಗಾಲಿ ಕುರ್ಚಿ ನನ್ನನ್ನೂ ಹೊತ್ತುಕೊಂಡು ಗೋಡೆಗೆ ಹೋಗುತ್ತಿತ್ತು. ಹಳೆಯ ಲಗೇಜ್ ಬೆಲ್ಟಿನಿಂದ ಕುರ್ಚಿಯನ್ನು ಹಲಗೆಗೇ ಬಿಗಿದೆ.

ಕೆಲಸ ಕೈಗೂಡಿದ್ದು ಪಾಟ್ ಕಿತ್ತು, ಆಯಸ್ಕಾಂತ ಸರಿದದ್ದನ್ನು ಮುಟ್ಟದೆಯೇ ಗುರುತಿಸುವ ಹಾಲ್ ಸೆನ್ಸರ್ ಹಾಕಿದ ಮೇಲೆ. ಎಸ್‌ಎಸ್49ಇ, ಒಂದಕ್ಕೆ 40 ರೂಪಾಯಿಯೇನೋ. ಉಜ್ಜುವ ಭಾಗವೇ ಇಲ್ಲ, ಸವೆಯುವುದೇನು? ಒಂದೇ ಆಯಸ್ಕಾಂತ ಇಟ್ಟಾಗ ನಡುವೆ ಮಂದ, ತುದಿಯಲ್ಲಿ ದಿಢೀರನೆ ಏರು. ಎರಡು ಇಟ್ಟ ಮೇಲೆ ಏರಿಳಿತ ಸಮನಾಯಿತು: ಕಾಲು ತೆಗೆದರೆ ಬೋರ್ಡ್ ತೋರಿಸುವ ಅಂಕಿ 512ರ ಹತ್ತಿರ, ಪೂರ್ತಿ ಒತ್ತಿದರೆ ಒಂದು ಕಡೆ 180, ಇನ್ನೊಂದು ಕಡೆ 840. ಧ್ರುವ ಯಾವ ಕಡೆಗೆ, ಅಂತರ ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಒಂದು ವಾರ ಕೂತರೆ ನಿಮಗೇ ಸಿಗುತ್ತದೆ. ಚಾನಲ್ಲಿನ ಗ್ರೀಸ್ ತೊಳೆದು ಬೇರೆ ಏನು ಸವರಿದೆ ಅನ್ನುವುದನ್ನೂ ಅಷ್ಟೇ, ಗುಂಪಿನಲ್ಲೂ ಬಾಯಿ ಬಿಟ್ಟಿಲ್ಲ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಕೆಟ್ಟುಹೋದ ತೂಕದ ಯಂತ್ರದಿಂದ ಒತ್ತಡ ಅಳೆಯುವ ಲೋಡ್ ಸೆಲ್ ಕಿತ್ತು ಬ್ರೇಕಿಗೆ ಹಾಕಿದೆ. ಅದನ್ನು ಓದುವ ಎಚ್‌ಎಕ್ಸ್711 ಮಾಡ್ಯೂಲ್ ಸೆಕೆಂಡಿಗೆ 10 ಸಲ ಮಾತ್ರ ಓದುತ್ತದೆ, ಬ್ರೇಕ್ ಒತ್ತಿ ಆದ ಮೇಲೆ ವಿಮಾನಕ್ಕೆ ಸುದ್ದಿ ಮುಟ್ಟುತ್ತಿತ್ತು. ಅದರ ರೇಟ್ ಪಿನ್ ಬಿಡಿಸಿ ವಿದ್ಯುತ್ತಿನ ಪಿನ್ನಿಗೆ ಸೇರಿಸಿದರೆ 80 ಸಲ. ಬೆಸುಗೆ ಹಾಕುವಾಗ ಒಂದು ಮಾಡ್ಯೂಲ್ ಸುಟ್ಟಿತು, ಎರಡನೆಯದು ನಡೆಯಿತು. ಆಮೇಲೆ ತಲೆ ತಿರುಗಿಸಿದರೆ ಕಾಕ್‌ಪಿಟ್ ತಿರುಗುವ ಹುಚ್ಚು: ಹೆಡ್‌ಫೋನಿಗೆ ಮೂರು ಇನ್‌ಫ್ರಾರೆಡ್ ಎಲ್‌ಇಡಿ, ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 3 ಕ್ಯಾಮೆರಾ, ಅದರ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ತೆಗೆದು ಹಳೆಯ ಫ್ಲಾಪಿಯ ಕಪ್ಪು ಹಾಳೆಯ ತುಂಡು. ತಲೆಯ ಚಲನೆ ಹಿಡಿಯುವ ಓಪನ್‌ಟ್ರ್ಯಾಕ್ ಸಾಫ್ಟ್‌ವೇರಿನಲ್ಲಿ ಚೆನ್ನಾಗಿಯೇ ಬಂತು. ಸಂಜೆ ಕಿಟಕಿಯಿಂದ ಬಿಸಿಲು ಬಿದ್ದರೆ ಮಾತ್ರ ನನ್ನ ಪೈಲಟ್ ಸೀಲಿಂಗ್ ನೋಡುತ್ತಾನೆ.

ನಕ್ಕವರ ಬಾಯಿ ಮುಚ್ಚಿಸಿದ್ದು ಮಂಗಳೂರು. ಜುಲೈ, ಲೈವ್ ಹವಾಮಾನ, ರನ್‌ವೇ 24, ಅಂದರೆ ಸುಮಾರು 240 ಡಿಗ್ರಿ ದಿಕ್ಕಿಗೆ ಇಳಿಯುವುದು. ಗಾಳಿ 290 ಡಿಗ್ರಿಯಿಂದ 18 ನಾಟ್. ಅಡ್ಡಗಾಳಿಯೇ 14ರ ಹತ್ತಿರ. ಸೆಸ್ನಾ ಕೈಪಿಡಿ ಅಡ್ಡಗಾಳಿಗೆ ತೋರಿಸಿದ 15ಕ್ಕೆ ಒಂದೇ ನಾಟ್ ಕಡಿಮೆ. ಬಜ್ಪೆಯದು ಗುಡ್ಡದ ನೆತ್ತಿಯ ರನ್‌ವೇ, ಪಕ್ಕಕ್ಕೆ ಜಾರಿದರೆ ಕಣಿವೆ. ನನಗಿಂತ ಮುಂದಿದ್ದ ಇಬ್ಬರು ಇಳಿಯದೆ ಮತ್ತೆ ಮೇಲೇರಿ ಗೋ-ಅರೌಂಡ್ ಹೋದರು. ನಾನು ಮೂತಿ ಬಲಕ್ಕಿಟ್ಟುಕೊಂಡೇ ಬಂದು, ಕೊನೇ ಗಳಿಗೆಯಲ್ಲಿ ಎಡಗಾಲು ಒತ್ತಿ ನೇರ ಮಾಡಿ, ಬಲ ರೆಕ್ಕೆ ತುಸು ತಗ್ಗಿಸಿ ಇಳಿಸಿದೆ. ಫ್ರೀಕ್ವೆನ್ಸಿಯಲ್ಲಿ ಯಾರೂ ಹೊಗಳುವುದಿಲ್ಲ, ಅಲ್ಲಿ ಅದಕ್ಕೆ ಜಾಗವೂ ಇಲ್ಲ. ಗುಂಪಿನ ಚಾಟ್‌ನಲ್ಲಿ ಡ್ರಾಯರ್ ಮಾತಾಡಿದ್ದವರೇ ಕೇಳಿದರು, "ಚಾನಲ್ ಯಾವ ಸೈಜು?"

ವ್ಯಾಟ್‌ಸಿಮ್ 2001ರಿಂದ ನಡೆದಿರುವ ನೆಟ್‌ವರ್ಕ್, ಒಂದು ಪೈಸೆ ಕೇಳುವುದಿಲ್ಲ, ಕೇಳುವುದು ರೇಡಿಯೋ ಶಿಸ್ತು ಮಾತ್ರ. 2019ರಲ್ಲಿ ಹೊಸ ಧ್ವನಿ ವ್ಯವಸ್ಥೆ ಬಂದು ದೂರ ಹೋದಂತೆ ದನಿ ಕ್ಷೀಣಿಸುವುದೂ ಶುರುವಾಯಿತು. ಮರುವರ್ಷ ಮೈಕ್ರೋಸಾಫ್ಟಿನ ಹೊಸ ಫ್ಲೈಟ್ ಸಿಮ್ಯುಲೇಟರ್ ಬಂದು ಜನ ತುಂಬಿದರು. ನಮ್ಮ ಹಳಬರು ಮದುವೆ, ನೈಟ್ ಶಿಫ್ಟ್ ಅಂತ ಒಬ್ಬೊಬ್ಬರೇ ಕಡಿಮೆಯಾದರು. ಶನಿವಾರ ಈಗ ಐದಾರು ಜನ ಕೂಡಿದರೆ ಹೆಚ್ಚು.

ಖರ್ಚು ಒಟ್ಟು ಮೂರು ಸಾವಿರದೊಳಗೆ, ಸುಟ್ಟಿದ್ದು ಬಿಸಾಕಿದ್ದು ಸೇರಿ ನಾಲ್ಕೂವರೆ. ಗುಂಪಿನ ಇನ್ನೂ ಮೂವರಿಗೆ ಮಾಡಿಕೊಟ್ಟೆ, ತಲಾ 3,500ಕ್ಕೆ. ಇಬ್ಬರದು ಬಂತು. ಡ್ರಾಯರ್ ಮಾತಾಡಿದವರದು ಬಾಕಿ ಇದೆ.